ಎರಡು ಹೆಜ್ಜೆ ಮುಂದೆ, ಒಂದು ಹೆಜ್ಜೆ ಕೆಳಗೆ

ನಮ್ಮ ಟೀಚರ್ ಸುಳ್ಳು ಹೇಳುತ್ತಿದ್ದುದು ಒಂದೇ ವಿಷಯದಲ್ಲಿ, ತಮ್ಮ ಕಣ್ಣಿನ ವಿಷಯದಲ್ಲಿ. ಮಿಕ್ಕೆಲ್ಲದರಲ್ಲೂ ಅವರು ಹೇಳುವ ನಿಜ ಕೇಳಿಸಿಕೊಳ್ಳುವವರಿಗೇ ಕಷ್ಟವಾಗುತ್ತಿತ್ತು. ನಾನು ಮೈಸೂರಿನಿಂದ ನೈರೋಬಿಗೆ ಬಂದ ಹೊಸತರಲ್ಲಿ, ಸೌತ್ ಸಿ ಎನ್ನುವ ಬಡಾವಣೆಯ ನಮ್ಮ ಮೂರಂತಸ್ತಿನ ಕಟ್ಟಡದಲ್ಲಿ ಕನ್ನಡ ಮಾತಾಡುವವರು ಕೆಳಗಡೆಯೇ ಇದ್ದಾರೆ ಎಂದು ತಿಳಿದು, ಸಂಭ್ರಮದಿಂದ ಬಿಸಿಬೇಳೆಬಾತ್ ಮಾಡಿಕೊಂಡು ಹೋಗಿದ್ದೆ. ಟೀಚರ್ ಎರಡು ಚಮಚ ತಿಂದು, "ಸಾಂಬಾರು ಅಂತ ಕೊಟ್ಟಿದ್ರೆ ಚೆನ್ನಾಗಿತ್ತು ಅಂತ ಹೇಳ್ತಿದ್ದೆ ಮಾರಾಯ್ತಿ," ಅಂದರು. ಆಮೇಲೆ ಬಟ್ಟಲು ಖಾಲಿ ಮಾಡಿದರು ಎನ್ನುವುದನ್ನೂ ಹೇಳಬೇಕು.

ಮಂಗಳೂರಿನವರು. ನಲವತ್ತು ವರ್ಷದ ಹಿಂದೆ ಇಲ್ಲಿನ ಒಂದು ಶಾಲೆಗೆ ಗಣಿತ ಕಲಿಸಲು ಬಂದು, ನಿವೃತ್ತರಾಗಿ, ಇಲ್ಲೇ ಉಳಿದವರು. ದೇವರ ಹತ್ತಿರ ಕೊಂಕಣಿ, ನಮ್ಮ ಹತ್ತಿರ ಕನ್ನಡ, ಮನೆಕೆಲಸದ ಅಚಿಯೆಂಗ್ ಹತ್ತಿರ ಸ್ವಾಹಿಲಿ. ಕೂಡುವುದು ಕಳೆಯುವುದು ಮಾತ್ರ ಇಂಗ್ಲಿಷಿನಲ್ಲಿ. ಮದುವೆ ಯಾಕಾಗಲಿಲ್ಲ ಎಂದು ಕೇಳಿದವರಿಗೆ, "ಟೈಮ್‌ಟೇಬಲಿನಲ್ಲಿ ಪೀರಿಯಡ್ ಖಾಲಿ ಇರ್ಲಿಲ್ಲ," ಎಂದು ಹೇಳಿ ಮಾತು ಮುಗಿಸುತ್ತಿದ್ದರು. ಸಂಜೆ ಹೊತ್ತು ಆಸುಪಾಸಿನ ಭಾರತೀಯ ಮಕ್ಕಳಿಗೆ ಟ್ಯೂಷನ್ ಹೇಳುತ್ತಿದ್ದರು. ಅವರ ಪಾಠದ ಕ್ರಮ ಎಲ್ಲರ ಬಾಯಲ್ಲೂ ಇತ್ತು. ಮಗು ಲೆಕ್ಕವನ್ನು ಗಟ್ಟಿಯಾಗಿ ಓದಬೇಕು. ಬರೆಯುವಾಗ ಏನು ಬರೆಯುತ್ತಿದ್ದೇನೆ ಎಂದು ಸಾಲುಸಾಲಾಗಿ ಹೇಳಬೇಕು. ಉತ್ತರ ಹೇಗೆ ಬಂತು ಎಂದು ಬಾಯಿಬಿಟ್ಟು ವಿವರಿಸಬೇಕು. ಆಮೇಲೆ ಟೀಚರ್ ಕೆಂಪು ಪೆನ್ನಿನಿಂದ ಪುಸ್ತಕದ ಮೇಲೆ ಒಂದು ದೊಡ್ಡ ಟಿಕ್ ಎಳೆಯುತ್ತಿದ್ದರು. ತಂದೆತಾಯಂದಿರು ಇದನ್ನು ಹೊಸ ಬೋಧನಾ ವಿಧಾನ ಎಂದು ಹೊಗಳುತ್ತಿದ್ದರು. ನಾನೂ ಹೊಗಳಿದ್ದೇನೆ.

ಇದರ ಹಿಂದಿನ ನಿಜ ನನಗೆ ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ, ಒಂದು ಗ್ಯಾಸ್ ಸಿಲಿಂಡರಿನಿಂದ. ನಮ್ಮ ಮನೆಗೆ ತಂದದ್ದನ್ನು ಅಂಗಡಿಯವನು ಮೆಟ್ಟಿಲಿನ ಬುಡದಲ್ಲಿ ಇಟ್ಟು, ಮೇಲೆ ನನ್ನನ್ನು ಕರೆಯಲು ಬಂದಿದ್ದ. ನಾನು ಇಳಿಯುತ್ತಿದ್ದಾಗ ಟೀಚರ್ ಹೊರಗಿನಿಂದ ಬಂದರು. ಸಿಲಿಂಡರಿನ ಮುಂದೆ ನಿಂತು, "ಏಳು ಮಗಾ, ದಾರಿಯಲ್ಲಿ ಕೂತ್ಕೊಳ್ಬಾರ್ದು," ಅಂದರು. ಅದು ಏಳಲಿಲ್ಲ. ಇಂಗ್ಲಿಷಿನಲ್ಲಿ ಹೇಳಿದರು. ಆಮೇಲೆ ಸ್ವಾಹಿಲಿಯಲ್ಲಿ ಸ್ವಲ್ಪ ಜೋರಾಗಿ ಹೇಳಿದರು. "ಈಗಿನ ಮಕ್ಕಳಿಗೆ ಮರ್ಯಾದೆ ಅನ್ನುದೇ ಇಲ್ಲ," ಎಂದು ಗೊಣಗಿ ಅದರ ತಲೆ ನೇವರಿಸಲು ಕೈ ಹಾಕಿದಾಗ, ತಣ್ಣಗಿನ ಕಬ್ಬಿಣ ಬೆರಳಿಗೆ ತಗುಲಿ ಕೈ ಹಿಂದಕ್ಕೆ ತೆಗೆದರು. ನಾನು ನಗು ತಡೆಯಲಾಗದೆ ಕೆಮ್ಮಿದೆ. ಅವರು ತಲೆಯೆತ್ತಿ, ನಾನಿದ್ದ ಕಡೆಗಲ್ಲ, ಅದರ ಪಕ್ಕದ ಗೋಡೆಯ ಕಡೆ ನೋಡಿದರು. ಆಗ ನನ್ನ ನಗು ನಿಂತಿತು.

ಅಂದು ಅವರ ಮನೆಯಲ್ಲಿ ಚಹಾ ಕುಡಿಯುತ್ತಾ ಹೇಳಿದರು. ಕಣ್ಣಿನ ನರ ಒಣಗುತ್ತಾ ಬಂದು ಆರು ವರ್ಷವಾಗಿತ್ತು. ಈಗ ಬೆಳಕು ಕತ್ತಲೆ ತಿಳಿಯುತ್ತದೆ, ದೊಡ್ಡ ವಸ್ತು ಇದ್ದರೆ ನೆರಳಿನ ಹಾಗೆ ಕಾಣುತ್ತದೆ, ಅಷ್ಟೆ. ಗೊತ್ತಿದ್ದವಳು ಅಚಿಯೆಂಗ್ ಒಬ್ಬಳೇ.

"ಯಾರಿಗೂ ಹೇಳ್ಬೇಡ," ಅಂದರು. "ಕುರುಡಿ ಹತ್ರ ಲೆಕ್ಕ ಕಲೀಲಿಕ್ಕೆ ಯಾರು ಮಕ್ಕಳನ್ನು ಕಳಿಸ್ತಾರೆ? ಮಕ್ಕಳು ಬರುದು ನಿಂತ್ರೆ ನಾನು ಬೆಳಿಗ್ಗೆ ಎದ್ದು ಎಂತ ಮಾಡುದು, ಹೇಳು?"

ನಾನು ಮಾತು ಕೊಟ್ಟೆ. ಆ ಮಾತಿನಲ್ಲಿ ನನ್ನ ಮಗಳು ಮೇಘಳನ್ನೂ ಸೇರಿಸಬೇಕಾಯಿತು, ಏಕೆಂದರೆ ಮರುವಾರದಿಂದಲೇ ಅವಳನ್ನು ಟ್ಯೂಷನ್ನಿಗೆ ಹಾಕುವುದೆಂದು ಮೊದಲೇ ತೀರ್ಮಾನವಾಗಿತ್ತು. ಮೇಘಗೆ ಆಗ ಹನ್ನೊಂದು. ನೈರೋಬಿಯಲ್ಲಿ ಬೆಳೆದ ಎಲ್ಲ ಮಕ್ಕಳಂತೆ ಕನ್ನಡವೆಲ್ಲ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಗಣಿತವೆಂದರೆ ಹೊಟ್ಟೆನೋವು ಬರುತ್ತಿತ್ತು. ಅವಳಿಗಿದ್ದ ಒಂದೇ ಗೀಳು ಕಂಪ್ಯೂಟರಿನ ಒಂದು ಆಟ. ಚೌಕ ಚೌಕ ಇಟ್ಟಿಗೆಗಳಿಂದ ಮಾಡಿದ ಒಂದು ಲೋಕ. ಅಲ್ಲಿ ಅಗೆಯಬಹುದು, ಮನೆ ಕಟ್ಟಬಹುದು, ಹಸು ಕೋಳಿ ಸಾಕಬಹುದು, ಕತ್ತಲಾದರೆ ಪಿಶಾಚಿಗಳಿಂದ ಓಡಬಹುದು.

ಮೂರನೆಯ ದಿನದ ಪಾಠದಲ್ಲಿ ಋಣ ಸಂಖ್ಯೆ ಬಂತು. ಮೇಘ ತಡವರಿಸಿದಳು. ಟೀಚರ್ ಬೇರೆ ಬೇರೆ ರೀತಿಯಲ್ಲಿ ಹೇಳಿ ನೋಡಿದರು. ಕೊನೆಗೆ ಅವಳು, "ಓ, ಲೈಕ್ ಗೋಯಿಂಗ್ ಅಂಡರ್‌ಗ್ರೌಂಡ್," ಎಂದು, ಆಟದಲ್ಲಿ ತಾನು ಎಲ್ಲಿದ್ದೇನೆ ಎನ್ನುವುದನ್ನು ಮೂರು ಅಂಕಿಗಳು ತೋರಿಸುತ್ತವೆ, ನೆಲದಡಿ ಇಳಿದಂತೆ ನಡುವಿನ ಅಂಕಿ ಸೊನ್ನೆ ದಾಟಿ ಋಣವಾಗುತ್ತದೆ ಎಂದು ಗಡಗಡ ವಿವರಿಸಿದಳು.

"ಮೂರು ಅಕ್ಷ ನಿನಗೆ ಯಾರು ಹೇಳಿಕೊಟ್ಟದ್ದು?" ಎಂದು ಟೀಚರ್ ಕೇಳಿದರು.

"ನೋಬಡಿ. ಇಟ್ಸ್ ದ ಗೇಮ್."

"ಆ ಆಟ ನನಗೆ ಬೇಕು," ಅಂದರು ಟೀಚರ್.

ಒಪ್ಪಂದವಾಯಿತು: ಒಂದು ಗಂಟೆ ಗಣಿತ, ಅರ್ಧ ಗಂಟೆ ಆಟ. ಆಟದಲ್ಲಿ ಟೀಚರಿಗೆ ಮೇಘ ಇಟ್ಟ ಹೆಸರು ಮ್ವಾಲಿಮು. ಸ್ವಾಹಿಲಿಯಲ್ಲಿ ಮೇಷ್ಟ್ರು ಎಂದರ್ಥ, ಅಚಿಯೆಂಗ್ ಅವರನ್ನು ಕರೆಯುತ್ತಿದ್ದದ್ದೂ ಹಾಗೆಯೇ. ಕೀಲಿಮಣೆಯ ಮೇಲೆ ಬೆರಳಿಟ್ಟು ಟೀಚರ್ ನಡೆಯುವುದು, ಪಕ್ಕದಲ್ಲಿ ಕುಳಿತು ಮೇಘ ದಾರಿ ಹೇಳುವುದು. ಮೊದಲ ದಿನ ಮೇಘ ಎರಡು ನಿಮಿಷ ಅಚಿಯೆಂಗ್ ಕರಿದುಕೊಟ್ಟ ಮಂಡಾಜಿ ಎನ್ನುವ ಸಿಹಿ ಬನ್ನು ತಿನ್ನುವುದರಲ್ಲಿ ಮೈಮರೆತಳು.

"ನಾನು ಎಲ್ಲಿದ್ದೇನೆ ಮಗಾ?"

"ಇನ್ ದ ರಿವರ್, ಟೀಚರ್."

"ಯಾಕೆ ಹೇಳ್ಲಿಲ್ಲ?"

"ಐ ಥಾಟ್ ಯು ವಾಂಟೆಡ್ ಟು ಸ್ವಿಮ್."

ಎರಡು ವಾರದಲ್ಲಿ ಟೀಚರ್ ಹದಿನಾಲ್ಕು ಬಾರಿ ಸತ್ತರು. ಪ್ರಪಾತಕ್ಕೆ ಬಿದ್ದು ಸತ್ತದ್ದೇ ಹೆಚ್ಚು. ಮೇಘಗೂ ಕಂಡದ್ದನ್ನೆಲ್ಲ ಹೇಳಿ ಹೇಳಿ ಗಂಟಲು ಒಣಗುತ್ತಿತ್ತು. ಒಂದು ದಿನ ಟೀಚರ್, "ಹತ್ತಿರ ಎಂತ ಉಂಟು ಅಂತ ಆ ಯಂತ್ರವೇ ಹೇಳ್ಬಾರ್ದಾ? ಅದಕ್ಕೆ ಗೊತ್ತೇ ಉಂಟಲ್ಲ," ಅಂದರು.

ಹೇಳಿಸಬಹುದಿತ್ತು. ಆ ಆಟದೊಳಗೆ ಆಜ್ಞೆಗಳನ್ನು ಬರೆದಿಡಲು ಅವಕಾಶವಿದೆ ಎನ್ನುವುದು ಮೇಘಗೆ ಗೊತ್ತಿತ್ತು. ಆಟಗಾರನಿಂದ ಇಷ್ಟು ದೂರದೊಳಗೆ ಯಾವ ವಸ್ತು, ಯಾವ ಪ್ರಾಣಿ ಇದೆ ಎಂದು ಹುಡುಕು, ಸಿಕ್ಕರೆ ಹೀಗೆ ಮಾಡು ಎಂದು ಬರೆದರೆ ಆಟ ಹಾಗೆ ಮಾಡುತ್ತದೆ. ಪರದೆಯ ಮೇಲೆ ಬರುವ ಬರಹವನ್ನು ಅದೇ ಗಟ್ಟಿಯಾಗಿ ಓದಿಯೂ ಹೇಳುತ್ತದೆ. ಅಂದಿನಿಂದ ಟೀಚರ್ ಯೋಚಿಸಿ ಹೇಳುವುದು, ಮೇಘ ಬರೆಯುವುದು ಶುರುವಾಯಿತು. ರಿವರ್‌ಸೈಡಿನ ಕಚೇರಿಯಿಂದ ಬಂದು ಮಗಳನ್ನು ಕರೆದೊಯ್ಯಲು ಇಳಿಯುತ್ತಿದ್ದ ನಾನು, ಬಾಗಿಲಲ್ಲೇ ನಿಂತು ಇದನ್ನು ನೋಡುತ್ತಿದ್ದೆ.

ಮೊದಲ ಪ್ರಶ್ನೆಯೇ ದೊಡ್ಡದಾಯಿತು. ಹತ್ತಿರ ಎಂದರೆ ಎಷ್ಟು ಹೆಜ್ಜೆ? ಆಟಕ್ಕೆ ಅಂಕಿಯೇ ಬೇಕು. ಐದು ಎಂದು ನಿರ್ಧಾರವಾಯಿತು. ಮೇಘ ಬರೆದಳು: ಐದು ಹೆಜ್ಜೆಯೊಳಗೆ ಯಾರಿದ್ದರೂ ಹೆಸರು ಹೇಳು. ಬಟನ್ ಒತ್ತಿದ್ದೇ ತಡ, ಆಟ ತನ್ನ ಇಂಗ್ಲಿಷಿನಲ್ಲಿ, ಹತ್ತಿರದಲ್ಲಿ ಮ್ವಾಲಿಮು ಇದ್ದಾರೆ ಎಂದಿತು.

"ಮ್ವಾಲಿಮು ನಾನಲ್ವಾ?"

"ಯೆಸ್, ಟೀಚರ್."

"ನನ್ನ ಹತ್ರ ನಾನಿದ್ದೇನೆ ಅಂತ ಹೇಳ್ಲಿಕ್ಕೆ ಇದಕ್ಕೆ ಕರೆಂಟ್ ಬೇಕಾ?" ಅಂದವರು ಒಂದು ಕ್ಷಣ ಬಿಟ್ಟು, "ಅದರದ್ದು ತಪ್ಪಿಲ್ಲ. ನನ್ನಿಂದ ನನಗೆ ದೂರ ಸೊನ್ನೆ. ಸೊನ್ನೆ ಐದಕ್ಕಿಂತ ಕಡಿಮೆ. ಸೊನ್ನೆಗಿಂತ ಹೆಚ್ಚು, ಐದಕ್ಕಿಂತ ಕಡಿಮೆ ಅಂತ ತಿದ್ದು," ಅಂದರು.

ತಿದ್ದಿದ ಮೇಲೆ ಒಂದು ಕೋಳಿ ಹತ್ತಿರ ಬಂತು. ಆಟ ಈ ಆಜ್ಞೆಯನ್ನು ಸೆಕೆಂಡಿಗೆ ಇಪ್ಪತ್ತು ಸಲ ನಡೆಸುತ್ತದೆ ಎನ್ನುವುದು ಇಬ್ಬರಿಗೂ ಹೊಳೆದಿರಲಿಲ್ಲ. ಚಿಕನ್ ಚಿಕನ್ ಚಿಕನ್ ಎಂದು ಅದು ಹಟ ಹಿಡಿದವರ ಹಾಗೆ ಕೂಗತೊಡಗಿತು. ಅಡುಗೆಮನೆಯಿಂದ ಅಚಿಯೆಂಗ್ ಕೈ ಒರೆಸಿಕೊಳ್ಳುತ್ತಾ ಬಂದು, ಇವತ್ತು ಮೀನು ಮಾಡಲು ಹೇಳಿದ್ದಿರಲ್ಲ, ಈಗ ಕೋಳಿ ಬೇಕೇ ಎಂದು ಕೇಳಿದಳು. ಅದಕ್ಕೂ ಉಪಾಯ ಸಿಕ್ಕಿತು: ಒಮ್ಮೆ ಹೆಸರು ಹೇಳಿದ ಪ್ರಾಣಿಗೆ ಗುರುತು ಹಾಕು, ಗುರುತಿದ್ದದ್ದನ್ನು ಮತ್ತೆ ಹೇಳಬೇಡ, ದೂರ ಹೋದರೆ ಗುರುತು ಅಳಿಸು. "ಹಾಜರಿ ಪುಸ್ತಕದ ಹಾಗೆ," ಎಂದು ಟೀಚರ್ ಖುಷಿಪಟ್ಟರು.

ಇನ್ನೊಂದು ದಿನ ಆಟ ಹಸು ಇದೆ ಎನ್ನುತ್ತದೆ, ಸುತ್ತ ಎಲ್ಲಿಯೂ ಹಸುವಿಲ್ಲ. ಮೇಘ ಅಗೆದು ನೋಡಿದರೆ ಕಾಲಡಿಯ ಗುಹೆಯಲ್ಲಿ ಒಂದು ಹಸು ನಿಂತಿತ್ತು. ಆಟ ಆಚೆಈಚೆ ಮಾತ್ರವಲ್ಲ, ಮೇಲೆಕೆಳಗೂ ಅಳೆಯುತ್ತದೆ. ಟೀಚರ್ ಒಂದು ಕಿತ್ತಳೆ ಹಣ್ಣು ತರಿಸಿ, ಅದರ ನಡುವೆ ಮ್ವಾಲಿಮು ಇದ್ದಾಳೆ ಎಂದು ತಿಳಿಸಿ, ಸಿಪ್ಪೆಯ ಮೇಲಿನ ಬಿಂದುವಿಗೆ ಎಷ್ಟು ದೂರ ಎಂದು ಕೇಳಿದರು. ಒಂಬತ್ತನೆಯ ತರಗತಿಯ ಪಾಠವನ್ನು ಆರನೆಯ ತರಗತಿಯ ಹುಡುಗಿ ಹೊಟ್ಟೆನೋವಿಲ್ಲದೆ ಕಲಿತದ್ದು ಹಾಗೆ.

ಕಷ್ಟವಾದದ್ದು ಗುಂಡಿ. ಗುಂಡಿಯೆಂದರೆ ಏನೂ ಇಲ್ಲದ ಜಾಗ. ಇಲ್ಲದ್ದನ್ನು ಹುಡುಕುವುದು ಹೇಗೆ? ಟೀಚರ್ ಎರಡು ದಿನ ಅದನ್ನೇ ಯೋಚಿಸಿದರು. ಆಮೇಲೆ ಎದ್ದು ನಿಂತು, ಕಾಲಿನಿಂದ ತಮ್ಮ ಮನೆಯ ನೆಲ ತಡವಿ ತೋರಿಸಿದರು. "ಎರಡು ಹೆಜ್ಜೆ ಮುಂದೆ, ಒಂದು ಹೆಜ್ಜೆ ಕೆಳಗೆ. ಅಲ್ಲಿ ಇಟ್ಟಿಗೆ ಉಂಟಾ ಅಂತ ಕೇಳು. ಇಲ್ಲ ಅಂದ್ರೆ ಗುಂಡಿ. ನಾನು ಮೆಟ್ಟಿಲು ಇಳಿಯುದೂ ಹೀಗೇ." ಗುಂಡಿಗೆ ಡೋಲಿನ ಸದ್ದು ಇಟ್ಟರು. ಪಿಶಾಚಿಗೆ ಹನ್ನೆರಡು ಹೆಜ್ಜೆ ದೂರದಿಂದಲೇ ಸೀಟಿ, ಅಲ್ಲಲ್ಲಿ ಅಡಗಿರುವ ನಿಧಿಯ ಪೆಟ್ಟಿಗೆಗೆ ಗಂಟೆ. ಸದ್ದು ಆ ವಸ್ತು ಇರುವ ಜಾಗದಿಂದಲೇ ಬರುವಂತೆ ಬರೆದಿದ್ದರಿಂದ, ಹೆಡ್‌ಫೋನ್ ಹಾಕಿದರೆ ಎಡವೋ ಬಲವೋ ತಿಳಿಯುತ್ತಿತ್ತು. ಕೋಳಿಯನ್ನು ಪಟ್ಟಿಯಿಂದ ತೆಗೆದುಹಾಕಿದರು. ಕೋಳಿಯಿಂದ ಯಾರಿಗೂ ಏನೂ ಆಗುವುದಿಲ್ಲ ಎಂದು ಟೀಚರ್ ತೀರ್ಪು ಕೊಟ್ಟಿದ್ದರು.

ಆ ತಿಂಗಳು ಅವರು ಒಮ್ಮೆಯೂ ಸಾಯಲಿಲ್ಲ. ಆಟದಲ್ಲಿ ಒಂಟಿಯಾಗಿ ಬೆಟ್ಟ ಹತ್ತಿ ಇಳಿದ ದಿನ ನನ್ನನ್ನು ಮೇಲಿನಿಂದ ಕರೆಸಿ ಕೂರಿಸಿಕೊಂಡು, ಇನ್ನೊಮ್ಮೆ ಹತ್ತಿ ತೋರಿಸಿದರು.

ಇಷ್ಟರಲ್ಲಿ ಇಲ್ಲಿನ ಕನ್ನಡ ಕುಟುಂಬಗಳ ವಾರ್ಷಿಕ ಕೂಟ ಬಂತು. ಲಂಗಾಟಾದ ಒಂದು ಸಭಾಂಗಣದಲ್ಲಿ ಭಾನುವಾರ ಬೆಳಿಗ್ಗೆಯಿಂದ ಊಟ, ಹಾಡು, ಭಾಷಣ. ಮಕ್ಕಳು ಪ್ರತಿವರ್ಷ ಮೂಲೆಯಲ್ಲಿ ಫೋನು ಹಿಡಿದು ಕೂರುತ್ತಾರೆಂದು ಆ ಸಲ ಒಂದು ಹೊಸ ಸ್ಪರ್ಧೆ ಇಟ್ಟಿದ್ದರು. ಅದೇ ಆಟ. ಜೋಡಿಯಾಗಿ ಆಡಬೇಕು: ಹಿರಿಯರು ಕೀಲಿಮಣೆ ಹಿಡಿಯಬೇಕು, ಮಗು ಪಕ್ಕದಲ್ಲಿ ಕುಳಿತು ಬಾಯಲ್ಲಿ ಮಾತ್ರ ಹೇಳಬೇಕು. ಅರ್ಧ ಗಂಟೆಯಲ್ಲಿ ಹೆಚ್ಚು ಪೆಟ್ಟಿಗೆ ಹುಡುಕಿದವರು ಗೆದ್ದಂತೆ. ನಾನು ಅಭ್ಯಾಸ ಮಾಡಲೇ ಎಂದು ಮೇಘಳನ್ನು ಕೇಳಿದೆ. ಅವಳು ಪಾಪ ಎನ್ನುವಂತೆ ನನ್ನ ಮುಖ ನೋಡಿ, "ಅಮ್ಮಾ, ಐ ಆಲ್‌ರೆಡಿ ಹ್ಯಾವ್ ಎ ಪಾರ್ಟ್‌ನರ್," ಅಂದಳು.

ಆಟ ಸಿದ್ಧಪಡಿಸಿದ್ದ ತರುಣ ಇಂಜಿನಿಯರನ ಹತ್ತಿರ ಮೇಘ ಮೊದಲೇ ಮಾತಾಡಿ ತನ್ನ ಆಜ್ಞೆಗಳನ್ನು ಹಾಕಿಸಿಕೊಂಡಿದ್ದಳು. ಯಾಕೆ ಎಂದು ಅವನೂ ಕೇಳಿರಲಿಲ್ಲ. ಒಂಬತ್ತು ಜೋಡಿಗಳು ಕುಳಿತವು. ಶುರುವಾಗುವ ಮುನ್ನ ಸದ್ದು ಪರೀಕ್ಷಿಸುತ್ತಿದ್ದಾಗ, ಪಕ್ಕದ ಮೇಜಿನಲ್ಲಿದ್ದ ಒಬ್ಬ ದಂತವೈದ್ಯರು, ಟೀಚರ ಹೆಡ್‌ಫೋನಿನಿಂದ ಸೋರಿಬರುತ್ತಿದ್ದ ಗಂಟೆಯ ಸದ್ದು ಕೇಳಿ, ಅದೇನೆಂದು ವಿಚಾರಿಸಿದರು. ಅವರ ಮಗನೂ ಟೀಚರ ಶಿಷ್ಯನೇ, ಅಪ್ಪನ ಪಕ್ಕದಲ್ಲೇ ಕುಳಿತಿದ್ದ. ಇಂಜಿನಿಯರು ಗಂಟೆಯ ಆಜ್ಞೆಯ ವಿಷಯ ಹೇಳಿದ.

"ಅಂದ್ರೆ ಪೆಟ್ಟಿಗೆ ಹತ್ರ ಬಂದ್ರೆ ಕಂಪ್ಯೂಟರೇ ಹೇಳ್ಬಿಡತ್ತೆ," ಅಂದರು ಡಾಕ್ಟರು. "ಇದು ಚೀಟಿಂಗ್ ಅಲ್ವೇನ್ರೀ? ನಾವೆಲ್ಲ ಕಣ್ಣು ಬಿಟ್ಕೊಂಡು ಹುಡುಕ್ಬೇಕು, ಇವರಿಗೆ ಮಾತ್ರ ಗಂಟೆ ಹೊಡಿಯುತ್ತಾ?"

ಅವರು ಕೆಟ್ಟವರಲ್ಲ. ನಿಯಮ ಅಂದರೆ ನಿಯಮ ಎನ್ನುವ ಜಾತಿಯವರು. ಸುತ್ತ ನಿಂತವರು ಮೇಘಳ ಕಡೆ ತಿರುಗಿದರು. ಯಾರೋ, "ಯಾಕಮ್ಮ ಹೀಗೆ ಮಾಡ್ದೆ?" ಎಂದು ಕೇಳಿದರು. ಅವಳ ಬಳಿ ಉತ್ತರವಿತ್ತು. ಹೇಳುವುದಿಲ್ಲವೆಂದು ಮಾತು ಕೊಟ್ಟಿದ್ದಳು. ಕಿವಿ ಕೆಂಪಾಗಿ, ಮೇಜಿನ ಅಂಚು ಕೆರೆಯುತ್ತಾ, "ಐ ಜಸ್ಟ್ ವಾಂಟೆಡ್ ಟು ವಿನ್," ಅಂದಳು. ನಾನು ಮುಂದೆ ಹೋಗಬೇಕೆನ್ನುವಷ್ಟರಲ್ಲಿ ಟೀಚರ್ ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟರು.

"ಡಾಕ್ಟ್ರೇ, ಆ ಹುಡುಗಿ ಸುಳ್ಳು ಹೇಳ್ತಿದ್ದಾಳೆ. ಅದು ನನ್ನಿಂದ ಕಲಿತದ್ದು. ನನಗೆ ಕಣ್ಣು ಕಾಣುದಿಲ್ಲ. ವರ್ಷಗಟ್ಟಲೆ ಆಯ್ತು."

ಡಾಕ್ಟರು ಬಾಯಿಗೆ ಬಂದದ್ದನ್ನು ಕೇಳಿದರು. "ಮತ್ತೆ ನನ್ನ ಮಗನ ನೋಟ್‌ಬುಕ್ಕಲ್ಲಿ ಟಿಕ್ ಹಾಕ್ತಿದ್ರಲ್ಲ, ಟೀಚರ್?"

"ಅವನು ಓದಿ ಹೇಳ್ತಾನೆ, ಸರಿ ಇದ್ರೆ ಹಾಕ್ತೇನೆ. ಎಲ್ಲಿ ಬೀಳ್ತದೆ ಅಂತ ನನಗೆ ಗೊತ್ತಿಲ್ಲ. ಅವನನ್ನೇ ಕೇಳಿ."

ಹುಡುಗ ಅಪ್ಪನ ಮುಖ ನೋಡಿದ. "ಮೋಸ್ಟ್ಲಿ ಆನ್ ದ ಪೇಜ್, ಡ್ಯಾಡ್. ಸಮ್‌ಟೈಮ್ಸ್ ಆನ್ ಮೈ ಹ್ಯಾಂಡ್."

"ನಿನಗೆ ಗೊತ್ತಿತ್ತಾ?" ಎಂದು ಕೇಳಿದ್ದು ಡಾಕ್ಟರಲ್ಲ, ಟೀಚರ್.

"ವಿ ಆಲ್ ನೋ, ಟೀಚರ್," ಎಂದ ಅವನು. ಇನ್ನೊಂದು ಮೇಜಿನಿಂದ ಒಬ್ಬಳು ಹುಡುಗಿ, ಟೀಚರ್ ಒಳಗಿನಿಂದ ಬರುವ ಮುಂಚೆ ತಾವು ಕುರ್ಚಿಗಳನ್ನೆಲ್ಲ ಗೋಡೆಗೆ ಒತ್ತರಿಸಿ ಇಡುತ್ತೇವೆ ಎಂದಳು. ಮತ್ತೊಬ್ಬ, ಟಿಕ್ ತಪ್ಪಿದರೆ ಮನೆಗೆ ಹೋಗುವ ಮುನ್ನ ಸರಿಯಾದ ಜಾಗದಲ್ಲಿ ತಾವೇ ಇನ್ನೊಂದು ಹಾಕಿಕೊಳ್ಳುತ್ತೇವೆ, ಕೆಂಪು ಪೆನ್ನು ಎಲ್ಲರ ಚೀಲದಲ್ಲೂ ಇದೆ ಎಂದ. ಅವನ ತಾಯಿ ಅವನ ತೋಳು ಚಿವುಟಿದರು.

ಟೀಚರ ಗಲ್ಲ ಅದುರುತ್ತಿತ್ತು. ಅಳುತ್ತಾರೆ ಅಂದುಕೊಂಡು ನಾನು ಕರವಸ್ತ್ರ ಹುಡುಕಿದೆ. ಅವರು ನಗುತ್ತಿದ್ದರು. "ಆರು ವರ್ಷ ನಾನು ನಾಟಕ ಮಾಡಿದ್ದು, ಇವರು ಟಿಕೆಟ್ ಇಲ್ಲದೆ ನೋಡಿದ್ದಾರೆ," ಅಂದರು. ಆಮೇಲೆ ಕರವಸ್ತ್ರವೂ ಬೇಕಾಯಿತು.

ನಿಯಮದ ವಿಷಯ ಅಲ್ಲೇ ಇತ್ಯರ್ಥವಾಯಿತು. ಗುಂಡಿ, ಪಿಶಾಚಿಯ ಸದ್ದು ಇರಲಿ; ಪೆಟ್ಟಿಗೆಯ ಗಂಟೆ ಮಾತ್ರ ಐದು ಹೆಜ್ಜೆಯಿಂದಲ್ಲ, ಎರಡು ಹೆಜ್ಜೆಯಿಂದ ಕೇಳಲಿ. ಹೀಗೆ ಸೂಚಿಸಿದ್ದು ಟೀಚರೇ. ಡಾಕ್ಟರು ಐದೇ ಇರಲಿ ಎಂದು ಬೇಡಿಕೊಂಡರೂ ಅವರು ಒಪ್ಪಲಿಲ್ಲ. ಆಟ ಮುಗಿದಾಗ ಟೀಚರ್ ಮತ್ತು ಮೇಘಗೆ ಎರಡು ಪೆಟ್ಟಿಗೆ ಸಿಕ್ಕಿ, ಒಂಬತ್ತರಲ್ಲಿ ಎಂಟನೆಯ ಸ್ಥಾನ ಬಂದಿತ್ತು. ಒಂಬತ್ತನೆಯವರು ಡಾಕ್ಟರು. ಕಣ್ಣು ಬಿಟ್ಟುಕೊಂಡೇ ಒಂದೇ ಬಾವಿಗೆ ಮೂರು ಸಲ ಬಿದ್ದಿದ್ದರು. ಊಟದ ಸಾಲಿನಲ್ಲಿ ಟೀಚರಿಗೆ ಪಲಾವ್ ಬಡಿಸಿಕೊಟ್ಟು, ಗುಂಡಿಯ ಆಜ್ಞೆ ಬರೆಯುವುದು ಹೇಗೆಂದು ಕೇಳುತ್ತಿದ್ದರು.

ಎಲ್ಲರೂ ಡಾಕ್ಟರ ಹಾಗಿರಲಿಲ್ಲ. ಮುಂದಿನ ತಿಂಗಳು ಇಬ್ಬರು ತಾಯಂದಿರು, ಈಜಿನ ತರಗತಿ ಶುರುವಾಗಿದೆ, ಸಮಯ ಹೊಂದುವುದಿಲ್ಲ ಎಂದು ಮಕ್ಕಳನ್ನು ಬಿಡಿಸಿದರು. ಟೀಚರ್ ಒಂದು ವಾರ ಯಾರ್ಯಾರ ಮೇಲೋ ರೇಗುತ್ತಿದ್ದರು, ಹೆಚ್ಚಾಗಿ ಅಚಿಯೆಂಗಳ ಮೇಲೆ. ಆಮೇಲೆ ಬಿಳಿ ಕೋಲು ತರಿಸಿಕೊಂಡರು. ಅದನ್ನು ಹಿಡಿದು ಮೊದಲ ಸಲ ಗೇಟಿನವರೆಗೆ ಹೋದ ದಿನ ಕಾವಲುಗಾರ ಓಡಿಬಂದು ಕೈಹಿಡಿದಾಗ, ಅದೇ ಕೋಲಿನಿಂದ ಅವನ ಬೂಟು ತಟ್ಟಿ ದೂರ ಸರಿಸಿದರಂತೆ. ಹೋದ ಎರಡರ ಬದಲು ಮೂರು ಹೊಸ ಮಕ್ಕಳು ಬಂದರು. ಲೆಕ್ಕಕ್ಕಲ್ಲ, ಆಜ್ಞೆ ಬರೆಯುವುದನ್ನು ಕಲಿಯಲು. ಟೀಚರ್ ಅವರಿಗೆ ಮೊದಲ ಎರಡು ತಿಂಗಳು ಬರೀ ಲೆಕ್ಕ ಮಾಡಿಸಿದರು.

ಹೀಗೆ ಮೂರು ವರ್ಷ. ಈ ವರ್ಷ ಇಲ್ಲಿನ ಜೂನ್ ಜುಲೈನ ಚಳಿಯಲ್ಲಿ ಹಿಡಿದ ಕೆಮ್ಮು ಎದೆಗಿಳಿದು ಆಸ್ಪತ್ರೆ ಸೇರಿದರು. ನಾನು ದಿನಾ ಕಚೇರಿಯಿಂದ ಅಲ್ಲಿಗೆ ಹೋಗಿ ಬರುತ್ತಿದ್ದೆ. ಅವರು ಹೋದದ್ದು ಒಂದು ಮಂಗಳವಾರ ಮಧ್ಯಾಹ್ನ, ನಾನು ಮಟಾಟು ಎನ್ನುವ ಇಲ್ಲಿನ ಮಿನಿಬಸ್ಸಿನಲ್ಲಿ ಟ್ರಾಫಿಕ್ಕಿಗೆ ಸಿಕ್ಕಿಕೊಂಡಿದ್ದಾಗ. ಜೊತೆಗೆ ಅಚಿಯೆಂಗ್ ಇದ್ದಳು.

ಮರುದಿನ ಅವಳು ನಮ್ಮ ಅಡುಗೆಮನೆಯಲ್ಲಿ ಕುಳಿತು ಅದನ್ನೆಲ್ಲ ಹೇಳಿದಳು. ಮೇಘ ಶಾಲೆಗೆ ಹೋಗದೆ ಪಕ್ಕದಲ್ಲಿ ನಿಂತಿದ್ದಳು. ಬೆಳಿಗ್ಗೆಯಿಂದ ಮ್ವಾಲಿಮು ವಾರ್ಡಿನಲ್ಲಿ ಯಾರು ಬಂದರು, ಯಾರು ಹೋದರು ಎಂದು ಕೇಳುತ್ತಲೇ ಇದ್ದರಂತೆ. ಹನ್ನೊಂದರ ಹೊತ್ತಿಗೆ ಕಿರುಗುಟ್ಟುವ ಬೂಟಿನ ಸದ್ದು ಕೇಳಿಸಿತು. ಯಾರದು ಎಂದರು. ಹೊಸ ಡಾಕ್ಟರು, ಚಿಕ್ಕ ವಯಸ್ಸಿನವರು ಎಂದಳು ಅಚಿಯೆಂಗ್. ನೋಡಲು ಚೆನ್ನಾಗಿದ್ದಾನೆಯೇ? ಬಹಳ ಚೆನ್ನಾಗಿದ್ದಾರೆ. ಹಾಗಾದರೆ ಇನ್ನೂ ಸ್ವಲ್ಪ ಹತ್ತಿರ ಬರಲು ಹೇಳು ಎಂದರಂತೆ.

ಡಾಕ್ಟರು ಬಂದು ಮಣಿಕಟ್ಟು ಹಿಡಿದು, ಗಡಿಯಾರ ನೋಡುತ್ತಾ, ಕಾಲು ನಿಮಿಷ ನಾಡಿಯ ಬಡಿತ ಎಣಿಸಿದರು. ನರ್ಸಿಗೆ, "ಟ್ವೆಂಟಿ ಸಿಕ್ಸ್ ಇನ್ ಫಿಫ್ಟೀನ್ ಸೆಕೆಂಡ್ಸ್, ಸೋ..." ಎಂದು ನಿಲ್ಲಿಸಿದರು. ಮ್ವಾಲಿಮು ಕಣ್ಣು ಮುಚ್ಚಿಕೊಂಡೇ, "ಹಂಡ್ರೆಡ್ ಆಂಡ್ ಫೋರ್," ಅಂದರು. ಡಾಕ್ಟರು ನಕ್ಕು, ಅದನ್ನೇ ಬರೆದುಕೊಂಡು ಹೋದರಂತೆ. ಆಮೇಲೆ ಅವರು ಮಾತಾಡಲಿಲ್ಲ.

ಮೇಘ ಗೋಡೆಗೆ ಒರಗಿ ನಿಂತು, ತುಟಿ ಅಲುಗಿಸುತ್ತಾ ಮನಸ್ಸಿನಲ್ಲೇ ಗುಣಿಸಿದಳು.

"ಕರೆಕ್ಟ್," ಅಂದಳು.